ಕುಬ್ಜವೃಕ್ಷಗಳೂ ಕೂಟದ ಕಲಿಕೆಯೂ



ಆಳವಿಲ್ಲದ ಕುಂಡವೊಂದರಲ್ಲಿ ಆಲದ ಸಸಿಯನ್ನು ಬೆಳೆಸಿ, ಮೊಣಕೈಯುದ್ದದ ಆ ಮೈಯಲ್ಲಿ ಮಹಾವೃಕ್ಷದ ಗಾಂಭೀರ್ಯವನ್ನು ಮೂಡಿಸುವ ಬೋನ್ಸಾಯ್ ಕಲೆಯನ್ನು ಏಕಾಂಗಿಯಾಗಿ ಸಾಧಿಸಹೊರಟವನಿಗೆ ಎದುರಾಗುವ ಮೊದಲ ವಿಘ್ನವೆಂದರೆ ಕಾಲ. ಚಿತ್ರಕಾರನು ತನ್ನ ತಪ್ಪನ್ನು ಅಂದಿನ ಸಂಜೆಯೇ ಕಾಣಬಲ್ಲನು. ಇಲ್ಲಿಯಾದರೋ ಈ ದಿನ ಕತ್ತರಿಸಿದ ಕೊಂಬೆಯಿಂದ ಮರಕ್ಕೆ ಲೇಸಾಯಿತೋ ಕೇಡಾಯಿತೋ ಎಂಬುದು ಕೆಲವು ಮಳೆಗಾಲಗಳು ಕಳೆದ ಮೇಲೆಯೇ ತಿಳಿಯುವುದು. ಹತ್ತು ಮಂದಿ ತಂತಮ್ಮ ಗಿಡಗಳನ್ನು ಹೊತ್ತುತಂದು ಒಂದೆಡೆ ಸೇರಿದಾಗ ಅವರ ವರ್ಷಗಳೂ ಅಲ್ಲಿ ಒಟ್ಟುಗೂಡುತ್ತವೆ. ಕೂಟದ ಪರಮಪ್ರಯೋಜನವು ಇದೇ ಎಂದು ನಾನು ನಂಬಿದ್ದೇನೆ.

ಬೇಕಾದಂತೆ ಬಾಗಿಸಲು ಕೊಂಬೆಗೆ ತಂತಿಯನ್ನು ಸುಮಾರು 45 ಡಿಗ್ರಿಯ ಓರೆಯಲ್ಲಿ ಸುತ್ತಬೇಕೆಂದು ಗ್ರಂಥಗಳು ಹೇಳುತ್ತವೆ. ಆ ಸುತ್ತಿನ ಬಿಗಿ ಎಷ್ಟೆಂಬುದನ್ನು ಮಾತ್ರ ಬಲ್ಲವರ ಕೈಯನ್ನು ನೋಡಿಯೇ ಕಲಿಯಬೇಕು. ನುರಿತ ಸದಸ್ಯನು ಕೊಂಬೆಯ ಬುಡವನ್ನು ಒಂದು ಕೈಯಿಂದ ಆನಿಸಿ ಹಿಡಿದು, ಇನ್ನೊಂದರಿಂದ ತಂತಿಯನ್ನು ಜಗ್ಗದೆ ಹಾಸುತ್ತ ಹೋಗುವುದನ್ನೂ, ಬಾಗಿಸುವಾಗ ಹೆಬ್ಬೆರಳುಗಳನ್ನು ಬಾಗಿನ ಒಳಮೈಗೆ ಕೊಡುವುದನ್ನೂ, ಕಡೆಗೆ ತಂತಿಯನ್ನು ಬಿಚ್ಚದೆ ಸುತ್ತುಸುತ್ತಾಗಿ ಕತ್ತರಿಸಿ ತೆಗೆಯುವುದನ್ನೂ ಹತ್ತಿರದಿಂದ ಕಂಡವನು ಮರೆಯಲಾರನು. ಬಿಚ್ಚಹೋದರೆ ಚಿಗುರು ಮುರಿದೀತು, ತೊಗಟೆ ಸುಲಿದೀತು. ನಮ್ಮ ಮಳೆಗಾಲದಲ್ಲಿ ಆಲ ಅತ್ತಿಗಳು ಉಬ್ಬಿ ಬೆಳೆಯುವ ಭರದಲ್ಲಿ ಕೆಲವೇ ವಾರಗಳೊಳಗೆ ತಂತಿಯು ತೊಗಟೆಯನ್ನು ಕಚ್ಚಬಹುದು. ಚಳಿನಾಡಿನ ಪೈನ್ ಮರಗಳಿಗಾಗಿ ಬರೆದ ಪಂಚಾಂಗವು ಬೆಂಗಳೂರಿಗಾಗಲಿ ಮಂಗಳೂರಿಗಾಗಲಿ ಹೊಂದದು. ಕುಂಡ ಬದಲಿಸುವ ಕಾಲವನ್ನೂ, ಮಣ್ಣಿಗೆ ಬೆರೆಸುವ ಇಟ್ಟಿಗೆಚೂರಿನ ಪ್ರಮಾಣವನ್ನೂ ಊರಿನವರೇ ಊರಿನವರಿಗೆ ಹೇಳಿಕೊಡಬೇಕು.

ಇನ್ನೊಂದು ಲಾಭವೆಂದರೆ ಪರರ ದೃಷ್ಟಿ. ದಿನವೂ ನೀರೆರೆಯುವ ಕಣ್ಣು ತನ್ನ ಗಿಡದ ದೋಷಕ್ಕೆ ಒಗ್ಗಿಹೋಗಿರುತ್ತದೆ. ಸಹಸದಸ್ಯನೊಬ್ಬನು ಕುಂಡವನ್ನು ಮೆಲ್ಲನೆ ತಿರುಗಿಸಿ, ಮೇಲ್ಮಣ್ಣನ್ನು ಬೆರಳಿನಿಂದ ಸರಿಸಿ, ಹುದುಗಿದ್ದ ಬೇರುಗಳ ಹರಹನ್ನು ತೋರಿಸಿ, “ಮುಂಭಾಗ ಇದಾಗಬಾರದೇಕೆ?” ಎಂದು ಕೇಳಿದಾಗ, ಒಡೆಯನು ತನ್ನ ಮರವನ್ನು ಹೊಸದಾಗಿ ಕಾಣುತ್ತಾನೆ. ಆ ಪ್ರಶ್ನೆಯನ್ನು ಸ್ನೇಹದಿಂದ ಕೇಳುವ ಸೌಜನ್ಯ, ಸಮಾಧಾನದಿಂದ ಸ್ವೀಕರಿಸುವ ವಿನಯ, ಇವೆರಡೂ ಇಲ್ಲದ ಕೂಟವು ಬರಿಯ ಪ್ರದರ್ಶನವಾದೀತು.

ಅಮೆರಿಕದಲ್ಲಿ ಈ ಕಲೆ ಬೇರೂರಿದುದೂ ಇಂತಹ ಕೂಟದಿಂದಲೇ. ಕೊಲೊರಾಡೋದಲ್ಲಿ 1914ರಲ್ಲಿ ಜನಿಸಿ, ಬಾಲ್ಯದ ಕೆಲವು ವರ್ಷಗಳನ್ನು ಜಪಾನಿನಲ್ಲಿ ಕಳೆದು, ತಾತನಿಂದ ಬೋನ್ಸಾಯ್ ಕಲಿತ ಜಾನ್ ನಾಕಾ, ಲಾಸ್ ಏಂಜಲೀಸಿನಲ್ಲಿ ನೆಲಸಿ, 1950ರಲ್ಲಿ ನಾಲ್ವರು ಮಿತ್ರರೊಡನೆ ಕಟ್ಟಿದ ಸಣ್ಣ ಕೂಟವೇ ಮುಂದೆ ಕ್ಯಾಲಿಫೋರ್ನಿಯಾ ಬೋನ್ಸಾಯ್ ಸೊಸೈಟಿಯಾಯಿತು. 1948ರಲ್ಲಿ ಎರಡು ಜೂನಿಪರ್ ಗಿಡಗಳಿಂದ ಮೊದಲಾಗಿ, ಮೊಮ್ಮಕ್ಕಳಿಗೊಂದೊಂದರಂತೆ 11 ಮರಗಳಾಗಿ ಬೆಳೆದ ‘ಗೋಶಿನ್’ ಎಂಬ ತೋಪನ್ನು ಆತನು 1984ರಲ್ಲಿ ರಾಷ್ಟ್ರಕ್ಕೆ ದಾನಮಾಡಿದನು. ಅದು ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿದೆ. 2004ರಲ್ಲಿ ಆತನು ತೀರಿಕೊಂಡ ಮೇಲೆಯೂ ಅದರ ಚಿಗುರನ್ನು ಅನ್ಯರ ಕೈಗಳು ಸವರುತ್ತಿವೆ. ಒಡೆಯನಿಗಿಂತ ಮರದ ಆಯುಷ್ಯವೇ ಹೆಚ್ಚಾದುದರಿಂದ, ಯಾವ ಕೊಂಬೆಯನ್ನು ಏತಕ್ಕಾಗಿ ಬಾಗಿಸಿದನೆಂಬುದನ್ನು ಜೊತೆಗಿದ್ದು ಕಂಡ ಇಬ್ಬರು ಮೂವರಾದರೂ ಅವನ ನಂತರ ಉಳಿದಿರಬೇಕು. ಅವರು ದೊರೆಯುವುದು ಕೂಟದಲ್ಲಿಯೇ.