ವೇಷದ ರೋಗಿಯೂ ವೈದ್ಯವಿದ್ಯೆಯೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಛಂದಸ್ಸು ವ್ಯಾಕರಣಗಳನ್ನು ಪಾಠ ಹೇಳುವ ನಮಗೆ ಇನ್ಸುಲಿನ್ನಿನ ಮಾತೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಅದರೊಳಗೆ ಭಾಷೆಯ ಪ್ರಶ್ನೆಯೊಂದು ಅಡಗಿರುವುದರಿಂದಲೇ ಈ ವಿಷಯವನ್ನು ಆರಿಸಿಕೊಂಡೆವು.

ಮಧುಮೇಹಿಯೊಬ್ಬನ ರಕ್ತದಲ್ಲಿ ಸಕ್ಕರೆ ಏರಿ, ಕೀಟೋನೆಂಬ ಆಮ್ಲಗಳು ತುಂಬಿ, ಅವನು ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದನೆನ್ನೋಣ. ಇನ್ಸುಲಿನ್ ಕೊಟ್ಟರಾಯಿತೆಂದು ನಮ್ಮಂಥವರಿಗೆ ತೋರುತ್ತದೆ. ಆದರೆ ಮೊದಲು ಹರಿಸಬೇಕಾದುದು ಸಲೈನು. ನೋಡಬೇಕಾದುದು ರಕ್ತದ ಪೊಟ್ಯಾಸಿಯಂ. ಇನ್ಸುಲಿನ್ನು ಸಕ್ಕರೆಯೊಡನೆ ಪೊಟ್ಯಾಸಿಯಮನ್ನೂ ಜೀವಕೋಶಗಳೊಳಕ್ಕೆ ಸೆಳೆಯುತ್ತದೆ. ಅದು ಮೊದಲೇ ತೀರ ಕಡಮೆಯಿದ್ದಾಗ ವೈದ್ಯನು ಅವಸರಪಟ್ಟರೆ ಹೃದಯದ ಬಡಿತವೇ ತಾಳ ತಪ್ಪೀತು. ಪುಸ್ತಕದಲ್ಲಿ ಇದು ಒಂದೇ ಸಾಲು. ನಡುರಾತ್ರಿ, ಬಂಧುಗಳ ಅಳುವಿನ ನಡುವೆ, ಆ ಸಾಲು ನೆನಪಿಗೆ ಬರಬೇಕಷ್ಟೆ!

ಅದಕ್ಕಾಗಿ ಬೊಂಬೆಯ ಮೇಲೆ ಅಭ್ಯಾಸ ಮಾಡಿಸುತ್ತಾರೆ. ಮಂಚದ ಮೇಲಿನ ಬೊಂಬೆ ಉಸಿರಾಡುತ್ತದೆ. ಅದರ ನಾಡಿಯನ್ನು ಗುರುವು ಮರೆಯಲ್ಲಿ ಕುಳಿತು ಏರಿಳಿಸುತ್ತಾನೆ. ಶಿಷ್ಯನು ತಪ್ಪಿದರೆ ಬೊಂಬೆಯ ಹೃದಯ ನಿಲ್ಲುತ್ತದೆ. ಯಾರ ಮನೆಯ ದೀಪವೂ ಆರುವುದಿಲ್ಲ. ಆಮೇಲೆ ಎಲ್ಲಿ ಎಡವಿದೆವೆಂದು ಎಲ್ಲರೂ ಕುಳಿತು ವಿಚಾರ ಮಾಡುತ್ತಾರೆ. ವಿದ್ಯೆ ದಕ್ಕುವುದು ಬಹುಮಟ್ಟಿಗೆ ಆ ವಿಚಾರದಲ್ಲಿ.

ಬೊಂಬೆ ದುಬಾರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೈದ್ಯರು 'ಸಿಂಬಾ' ಎಂಬ ಹೆಸರಿನಲ್ಲಿ ಮಧುಮೇಹ ಮತ್ತು ಹಾರ್ಮೋನು ರೋಗಗಳ ಅಭ್ಯಾಸವನ್ನು ವಾಟ್ಸ್‌ಆ್ಯಪಿನಲ್ಲೇ ನಡೆಸಿ, 2020ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಕಲಿಯುವವನು ಪ್ರಶ್ನೆ ಬರೆದರೆ ರೋಗಿಯ ಪಾತ್ರ ವಹಿಸಿದವರು ಉತ್ತರ ಬರೆಯುತ್ತಾರೆ. ವೇಷವಿಲ್ಲ, ರಂಗವಿಲ್ಲ, ಮಾತೊಂದೇ, ನಮ್ಮ ತಾಳಮದ್ದಳೆಯಂತೆ. ಪಾಲ್ಗೊಂಡ ವೈದ್ಯರ ಆತ್ಮವಿಶ್ವಾಸ ಹೆಚ್ಚಿತೆಂದು ಆ ವರದಿ ಹೇಳುತ್ತದೆ. ಹೆಚ್ಚಿದ ವಿಶ್ವಾಸವೆಲ್ಲವೂ ಹೆಚ್ಚಿದ ವಿದ್ಯೆಯಲ್ಲವೆಂಬುದನ್ನು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವ ನಾವು ಬಲ್ಲೆವು. ಆದರೂ ಪದ್ಧತಿ ಒಳ್ಳೆಯದು.

ಇದಕ್ಕೂ ಬಹಳ ಹಿಂದೆ, 1963ರಲ್ಲಿ, ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹೊವರ್ಡ್ ಬ್ಯಾರೋಸ್ ಎಂಬ ನರರೋಗತಜ್ಞರು ಆರೋಗ್ಯವಂತ ಹೆಂಗಸೊಬ್ಬಳಿಗೆ ರೋಗಿಯ ಪಾತ್ರವನ್ನು ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದ್ದರು. ಬೊಂಬೆಗಿಲ್ಲದ ಒಂದು ಗುಣ ಆಕೆಗಿತ್ತು: ತನ್ನ ಬಾಧೆಯನ್ನು ತನ್ನ ಮಾತಿನಲ್ಲೇ ಹೇಳುವುದು.

ನಮ್ಮ ಕಾಸರಗೋಡಿಗೆ ಸಲ್ಲುವುದು ಇದೇ. ಬಹುಕಾಲ ಸ್ಟೀರಾಯಿಡ್ ಮಾತ್ರೆ ನುಂಗಿದ ಅಜ್ಜಿಯೊಬ್ಬರು ಅದನ್ನು ಥಟ್ಟನೆ ಬಿಟ್ಟರೆ, ದೇಹಕ್ಕೆ ಬೇಕಾದ ಹಾರ್ಮೋನು ದೊರೆಯದೆ, ರಕ್ತದೊತ್ತಡ ಕುಸಿದು, ಪ್ರಾಣಕ್ಕೇ ಸಂಚಕಾರ. ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಕೂಡಲೇ ಹೈಡ್ರೋಕಾರ್ಟಿಸೋನ್ ಚುಚ್ಚಬೇಕು. ಅಜ್ಜಿ ಹೇಳುವುದಾದರೋ ಇಷ್ಟೆ: "ಕೈಕಾಲು ಸೋತುಹೋಗಿದೆ ಮಗಾ, ವಾಂತಿ ನಿಲ್ಲುವುದಿಲ್ಲ. ಆ ಮಾತ್ರೆ ಬಿಟ್ಟು ನಾಲ್ಕು ದಿವಸ ಆಯಿತು." ಕನ್ನಡವರಿಯದ ತರುಣ ವೈದ್ಯರು ವಾಂತಿಯನ್ನು ಕಣ್ಣಾರೆ ಕಂಡಾರು, ಕೊನೆಯ ವಾಕ್ಯ ಕೈತಪ್ಪೀತು. ಜೀವವಿರುವುದು ಅದರಲ್ಲಿಯೇ. ಇದರಲ್ಲಿ ವೈದ್ಯರ ದೋಷವೇನೂ ಇಲ್ಲ; ಅವರಿಗೆ ಆ ಮಾತನ್ನು ಯಾರೂ ಕೇಳಿಸಿಲ್ಲ.

ಪಾರ್ತಿಸುಬ್ಬನ ಈ ಸೀಮೆಯಲ್ಲಿ ಅರ್ಥ ಹೇಳಬಲ್ಲವರಿಗೆ ಬರವಿಲ್ಲ. ಗಡಿನಾಡಿಗೆ ಬರುವ ವೈದ್ಯರ ತರಬೇತಿಯಲ್ಲಿ ಕನ್ನಡ, ತುಳು ಆಡುವ ವೇಷದ ರೋಗಿಗಳೂ ಇರಲಿ. ಸಂಘವೇ ಅವರನ್ನು ಒದಗಿಸಿಕೊಡಲಿ ಎಂಬುದು ನಮ್ಮ ಸೂಚನೆ. ಆ ಪಟ್ಟಿಯಲ್ಲಿ ನಮ್ಮ ಹೆಸರನ್ನು ಮೊದಲು ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿ. ಅಜ್ಜಿಯ ಪಾತ್ರವಾದರೂ ಆದೀತು.