ಸೂಲಗಿತ್ತಿ ನರಸಮ್ಮನವರನ್ನು ನೆನೆದು
(ನಮ್ಮ ಉಚಿತ ವಾಚನಾಲಯದ ಸಭೆಯಲ್ಲಿ ಆಡಿದ ಮಾತು)



ಇಂತಹ ಸಭೆಗಳಲ್ಲಿ ಕವಿಗಳನ್ನು, ದಾನಿಗಳನ್ನು, ನಾಡಿನ ಮುಖಂಡರನ್ನು ನೆನೆಯುವುದು ನಮ್ಮ ವಾಡಿಕೆ. ಅದು ಸರಿಯೇ. ಆದರೆ ಈ ಸಾರಿ ಶಾಲೆಯ ಮೆಟ್ಟಿಲನ್ನೇ ಹತ್ತದ ಒಬ್ಬ ಅಜ್ಜಿಯನ್ನು ನೆನೆಯೋಣವೆಂದು ನಿಮ್ಮ ಮುಂದೆ ನಿಂತಿದ್ದೇವೆ. ಅವರೇ ಸೂಲಗಿತ್ತಿ ನರಸಮ್ಮನವರು.

ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರದಲ್ಲಿ 1920ರಲ್ಲಿ ಅವರು ಹುಟ್ಟಿದರು. ಪಾವಗಡದ ಸೀಮೆ ಎಂತಹುದೆಂಬುದು ಆ ಕಡೆಯವರಿಗೆ ಗೊತ್ತು. ಮಳೆ ಕಡಿಮೆ, ಬಂಡೆಗಲ್ಲು ಹೆಚ್ಚು, ಬರಗಾಲವಂತೂ ನೆಂಟನಂತೆ ಬಂದು ಹೋಗುವ ಊರುಗಳು. ಹನ್ನೆರಡನೆಯ ವಯಸ್ಸಿಗೆ ಮದುವೆ. ಹೆತ್ತದ್ದು ಹನ್ನೆರಡು ಮಕ್ಕಳನ್ನು. ಅವರಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಉಳಿದ ಮಕ್ಕಳಿಂದ ಮೊಮ್ಮಕ್ಕಳು, ಮರಿಮಕ್ಕಳು ಬೆಳೆದು ಮನೆ ತುಂಬಿತು. ನಮ್ಮ ಹಳ್ಳಿಗಳ ಅದೆಷ್ಟೋ ಅಜ್ಜಿಯರ ಬಾಳು ಇಂಥದೇ ಅಲ್ಲವೆ?

ಹೆರಿಗೆಯ ವಿದ್ಯೆ ಅವರಿಗೆ ಬಂದದ್ದು ಸ್ವಂತ ಅಜ್ಜಿಯಿಂದ. ಆ ಅಜ್ಜಿಯೂ ಸೂಲಗಿತ್ತಿ. ಮೊಮ್ಮಗಳ ಐದು ಹೆರಿಗೆಗಳನ್ನು ತಾವೇ ಮಾಡಿಸಿದವರು. 1940ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ನರಸಮ್ಮನವರು ಮೊದಲ ಸಲ ಬಂಧುವೊಬ್ಬರ ಹೆರಿಗೆಗೆ ಕೈಯಿಟ್ಟರು. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿ ಜನರಿಂದ ಬಸುರಿಯರಿಗೆ ಕೊಡುವ ಬೇರು ನಾರಿನ ಮದ್ದುಗಳನ್ನೂ ಕಲಿತರು. ಹೊಟ್ಟೆಯ ಮೇಲೆ ಕೈಯಾಡಿಸಿ ಮಗುವಿನ ತಲೆ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಹೇಳಬಲ್ಲವರಾಗಿದ್ದರು.

ಎಪ್ಪತ್ತು ವರ್ಷಗಳಲ್ಲಿ ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚೆಂದು ಲೆಕ್ಕ. ಗುಮಾಸ್ತಿಕೆಯ ಅಭ್ಯಾಸ ನಮ್ಮದು, ಭಾಗಿಸಿ ನೋಡಿದೆವು. ವಾರಕ್ಕೆ ನಾಲ್ಕು ಬರುತ್ತದೆ. ಒಂದು ವಾರವಲ್ಲ, ಒಂದು ವರ್ಷವಲ್ಲ, ಎಪ್ಪತ್ತು ವರ್ಷ! ಹೆರಿಗೆ ನೋವಿಗೆ ಹಗಲು ಪಾಳಿ, ರಾತ್ರಿ ಪಾಳಿ ಎಂಬ ಭೇದವಿಲ್ಲ. ಭಾನುವಾರದ ರಜೆಯೂ ಇಲ್ಲ. ಕರೆ ಬಂದಾಗ ಒಲೆಯ ಮೇಲಿನ ಮುದ್ದೆ ಅಲ್ಲೇ, ಹೊಲದ ಕೆಲಸ ಅಲ್ಲೇ. ಇಷ್ಟಕ್ಕೆಲ್ಲ ಅವರು ಕೂಲಿ ಕೇಳಿದವರಲ್ಲ.

2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ, 98ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮನೆಯವರಿಗೆ ಒಬ್ಬ ಅಜ್ಜಿ ಹೋದರು. ಪಾವಗಡದ ಸುತ್ತಮುತ್ತ ಸಾವಿರಾರು ಮನೆಗಳಿಗೆ, ಲೋಕದಲ್ಲಿ ತಮ್ಮನ್ನು ಮೊದಲು ಎತ್ತಿಕೊಂಡ ಕೈಗಳೇ ಹೋದವು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸೂಲಗಿತ್ತಿಯನ್ನು ಹೊಗಳುವುದೆಂದರೆ ಆಸ್ಪತ್ರೆ ಬೇಡವೆಂದು ಹೇಳುವುದಲ್ಲ. ಎಲ್ಲ ಊರಿಗೂ ಒಬ್ಬ ನರಸಮ್ಮ ಇರಲಿಲ್ಲ. ಹೊಕ್ಕುಳಬಳ್ಳಿಯನ್ನು ತೊಳೆಯದ ಕುಡುಗೋಲಿನಿಂದ ಕೊಯ್ದು, ಧನುರ್ವಾಯು ತಗಲಿ ಹೋದ ಕೂಸುಗಳೆಷ್ಟೋ. ರಕ್ತ ಹರಿದು ನಿಲ್ಲದೆ, ಗಾಡಿ ಕಟ್ಟುವಷ್ಟರಲ್ಲಿ ಕಣ್ಣು ಮುಚ್ಚಿದ ತಾಯಂದಿರೆಷ್ಟೋ. ಹೆರಿಗೆಯೆಂದರೆ ಹೆಣ್ಣಿಗೆ ಮರುಜನ್ಮ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. 1992-93ರಲ್ಲಿ ನಮ್ಮ ದೇಶದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಾದವು ಸುಮಾರು 26 ಮಾತ್ರ. 2019-21ರ ಸಮೀಕ್ಷೆಯ ವೇಳೆಗೆ ಅದು 88ನ್ನು ದಾಟಿತು, ಕರ್ನಾಟಕದಲ್ಲಂತೂ 97. ಹುಟ್ಟುವ ಕೂಸುಗಳ ಧನುರ್ವಾಯುವನ್ನು ದೇಶದಿಂದ ತೊಲಗಿಸಲಾಗಿದೆಯೆಂದು 2015ರಲ್ಲಿ ಸಾರಿದರು. ಇವು ಸಣ್ಣ ಸಂಗತಿಗಳಲ್ಲ. ಆಸ್ಪತ್ರೆ ಹತ್ತಿರವಿಲ್ಲದ ಕಾಲದಲ್ಲಿ ಕೈಚೆಲ್ಲಿ ಕೂರದೆ ತಾಯಿ ಮಕ್ಕಳನ್ನು ಉಳಿಸಿದ್ದು ನರಸಮ್ಮನವರ ಹಿರಿಮೆ. ಆಸ್ಪತ್ರೆ ಹತ್ತಿರವಿರುವ ಕಾಲದಲ್ಲಿ ಬಸುರಿಯನ್ನು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯ.

ಹಾಗಾದರೆ ಸೂಲಗಿತ್ತಿಯಿಂದ ನಾವು ಉಳಿಸಿಕೊಳ್ಳಬೇಕಾದದ್ದು ಏನು? ಆಕೆ ಬಳಿಯಲ್ಲಿ ಕೂತಿರುತ್ತಿದ್ದಳು. ಅದನ್ನು. ನೋವು ಹನ್ನೆರಡು ಗಂಟೆ ಇರಲಿ, ಇಪ್ಪತ್ತು ಗಂಟೆ ಇರಲಿ, ಬೆನ್ನು ನೀವುತ್ತ, ಧೈರ್ಯ ಹೇಳುತ್ತ, ಎದ್ದು ಹೋಗದೆ ಕೂತಿರುತ್ತಿದ್ದಳು. ಮಗು ಹುಟ್ಟಿದ ಮೇಲೂ ಬಂದು ಬಾಣಂತಿಗೆ ಎಣ್ಣೆ ಹಚ್ಚಿ, ನೀರೆರೆದು, ಕೂಸಿಗೆ ಲೋಬಾನದ ಹೊಗೆ ಕೊಟ್ಟು ಹೋಗುತ್ತಿದ್ದಳು. ಆಸ್ಪತ್ರೆಯಲ್ಲಿ ಮಂಚ ಸಿಗುತ್ತದೆ, ಮದ್ದು ಸಿಗುತ್ತದೆ. ಕೂತಿರುವವರನ್ನು ನಾವೇ ಕೊಡಬೇಕು.

ಪರಊರಿನಲ್ಲಿರುವ ನಮಗೆ ಇದರ ಬೆಲೆ ಗೊತ್ತು. ಹತ್ತು ಹನ್ನೆರಡು ಅಡಿಯ ಖೋಲಿಯಲ್ಲಿ ಹೆಂಡತಿ ದಿನ ತುಂಬಿ ಮಲಗಿದ್ದಾಳೆ. ಗಂಡ ಪಾಳಿಗೆ ಹೋಗಲೇಬೇಕು. ತವರು ಮುನ್ನೂರು ಮೈಲಿ ದೂರ. ಆಗ ಊರಿನಿಂದ ಅಜ್ಜಿ ರೈಲು ಇಳಿದು ಬರುತ್ತಾಳೆ. ಗಂಟಿನಲ್ಲಿ ಬಜೆ, ಮೆಂತ್ಯ, ಒಣಶುಂಠಿ, ಕೊಬ್ಬರಿ, ಅಂಟು. ಕೂಸಿಗೆಂದು ಒಗೆದು ಮಡಿಸಿದ ಹಳೆಯ ಸೀರೆಯ ತುಂಡುಗಳು. ಬಂದ ದಿನವೇ ಮನೆಯ ಯಜಮಾನಿಕೆ ಆಕೆಯ ಕೈಗೆ. ಅಂತಹ ಅಜ್ಜಿ ಬರಲಾಗದ ಮನೆಯಲ್ಲಿ ಪಕ್ಕದ ಖೋಲಿಯ ಹೆಂಗಸೇ ತಾಯಿಯಾಗುತ್ತಾಳೆ. ಆಕೆಯ ಮಾತು ಕನ್ನಡವೋ, ಮರಾಠಿಯೋ, ತೆಲುಗೋ ಎಂದು ಆಗ ಯಾರೂ ಕೇಳುವುದಿಲ್ಲ.

ಇನ್ನೊಂದು ವಿಷಯ. ನರಸಮ್ಮನವರ ಕಾಲದ ಹಳ್ಳಿಯ ಹೆಂಗಸಿಗೆ ಹೆರಿಗೆಯ ರಜೆ ಎಂಬುದು ಕಂಡು ಕೇಳಿ ಗೊತ್ತಿಲ್ಲ. ದುಡಿಯುವ ಹೆಂಗಸರಿಗಾಗಿ ಅಂದಿನ ಮುಂಬಯಿ ಪ್ರಾಂತದಲ್ಲಿ 1929ರಲ್ಲೇ ಹೆರಿಗೆ ಭತ್ಯೆಯ ಕಾಯಿದೆ ಬಂದಿತು. ದೇಶಕ್ಕೆಲ್ಲ 1961ರಲ್ಲಿ ಬಂದಿತು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದವಳಿಗೆ ಈ ಹಕ್ಕುಂಟು. ನಿಮ್ಮ ಮನೆಯ ಹೆಣ್ಣುಮಕ್ಕಳು ದುಡಿಯುತ್ತಿದ್ದರೆ ಇದನ್ನು ತಿಳಿಸಿರಿ. ಅರ್ಜಿ ಬರೆಯಲು ಬಾರದವರು ಸಂಜೆ ವಾಚನಾಲಯಕ್ಕೆ ಬರಲಿ, ಬರೆದುಕೊಡಲು ನಾವಿದ್ದೇವೆ.

ಕೊನೆಯದಾಗಿ ಒಂದು ಬಿನ್ನಹ. ನರಸಮ್ಮನವರ ಹೆಸರು ಪದ್ಮಶ್ರೀಯಿಂದಾಗಿ ಉಳಿಯಿತು. ಅಂತಹ ಕೆಲಸವನ್ನೇ ಮಾಡಿದ ನಮ್ಮ ನಿಮ್ಮ ಊರಿನ ಅಜ್ಜಿಯರ ಹೆಸರನ್ನು ಉಳಿಸುವವರು ಯಾರು? ಪತ್ರಿಕೆಗಳ ಮೇಜಿನ ಮೇಲೆ ಒಂದು ನೋಟುಬುಕ್ಕು ಇಟ್ಟಿದ್ದೇವೆ. ನಿಮ್ಮನ್ನು ಹುಟ್ಟಿದಾಗ ಎತ್ತಿಕೊಂಡ ಸೂಲಗಿತ್ತಿ ಯಾರು, ಯಾವ ಊರು ಎಂದು ತಾಯಿಯನ್ನು ಕೇಳಿ ಎರಡು ಸಾಲು ಬರೆಯಿರಿ. ತಾಯಿ ಊರಿನಲ್ಲಿದ್ದರೆ ಈ ವಾರವೇ ಕೇಳಿರಿ, ಮುಂದಕ್ಕೆ ಹಾಕಬೇಡಿರಿ. ಹೇಳುವವರು ಇರುವಾಗಲೇ ಕೇಳಬೇಕು.