ಆಪ್ ಅಲ್ಲ, ಆಫ್



ಹೈದರಾಬಾದಿಗೆ ಬಂದ ಹೊಸದರಲ್ಲಿ ನಾವು ಹೋಟೆಲ್ ಹುಡುಗರು ಯಜಮಾನರ ಮುಂದೆ ನಿಂತು ವಾರದ ಆಫ್ ಕೇಳಿದೆವು. ಬಾಯಿಂದ ಬಂದದ್ದು "ಆಪ್ ಹೋನಾ." ಇಲ್ಲಿನ ಉರ್ದುವಿನಲ್ಲಿ ಅದಕ್ಕೆ "ತಾವು ಬೇಕು" ಎಂದರ್ಥ! ಯಜಮಾನರು ನಕ್ಕರು, ಗಿರಾಕಿಗಳೂ ನಕ್ಕರು. ನಮ್ಮ ರಜೆ ಆ ನಗೆಯಲ್ಲೇ ಮುಳುಗಿತು. ಆಮೇಲೆ ಎಷ್ಟೋ ದಿನ ನಾವು ಬಾಯಿ ತೆರೆಯಲಿಲ್ಲ.

ಕನ್ನಡದ "ಫ"ಕ್ಕೆ ಎರಡು ತುಟಿಯೂ ಕೂಡಬೇಕು. ಇಂಗ್ಲಿಷಿನದಕ್ಕೆ ಹಾಗಲ್ಲ. ಮೇಲಿನ ಹಲ್ಲನ್ನು ಕೆಳದುಟಿಗೆ ಮೆಲ್ಲಗೆ ತಾಗಿಸಿ ಉಸಿರು ಬಿಡಿ. ಉರ್ದುವಿನ "ಸಾಫ್", "ಮಾಫ್" ಮಾತುಗಳಲ್ಲಿಯೂ ಇದೇ ಸದ್ದು. ಈ ಊರಿನ ಬೀದಿಯೇ ನಮಗೆ ಶಾಲೆ.

ಕಲಿಯೋಣ. ಆದರೆ ಕಲಿತ ಮೇಲೆಯೇ ಕೇಳೋಣವೆಂದು ಕಾಯುವುದು ಬೇಡ. ಇಲ್ಲಿನ 1988ರ ಅಂಗಡಿ-ಸಂಸ್ಥೆಗಳ ಕಾಯಿದೆ ವಾರದ ರಜೆಯನ್ನು ಕೊಟ್ಟಿದೆ. ಉಚ್ಚಾರ ತಪ್ಪಿದರೂ ಹಕ್ಕು ತಪ್ಪದು.